ಪಿಓಪನ್, ಪಿಕ್ಲೋಸ್: ಹಲವು ಮಳೆಗಾಲ ಬಳಸಿದ ಮೇಲೆ

ಸಿ ಪ್ರೋಗ್ರಾಂ ಒಳಗಿಂದ ಇನ್ನೊಂದು ಪ್ರೋಗ್ರಾಂ ಓಡಿಸಬೇಕು, ಅದಕ್ಕೆ ಡೇಟಾ ಕೊಡಬೇಕು ಅಥವಾ ಅದರಿಂದ ತಗೊಳ್ಳಬೇಕು ಅಂದರೆ ನಾನು ಮೊದಲು ಹಿಡಿಯುವುದು ಪಿಓಪನ್ ಅನ್ನುವ ಫಂಕ್ಷನ್ ಅನ್ನೇ. 1979ರ 7ನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಬಂದ ಹಳೇ ಸಾಮಾನು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಅದರಲ್ಲಿ ಮೂರು, ಪಿಓಪನ್ ತೆರೆದದ್ದನ್ನು ಮುಚ್ಚುವ ಅದರ ಜೊತೆಗಾರ ಪಿಕ್ಲೋಸ್‌ಗೇ ಸೇರಬೇಕು.

ನನ್ನ ಬಳಕೆ ಇಷ್ಟು. ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು) ದಿನಾ ಬೆಳಿಗ್ಗೆ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಕಂಪ್ಯೂಟರಿಗೆ ಹಾಕುತ್ತಾರೆ. ನನ್ನ ಪ್ರೋಗ್ರಾಂ, ಗ್ರಾಫ್ ಬಿಡಿಸುವ ಗ್ನೂಪ್ಲಾಟ್ ಅನ್ನು ಬರೆಯುವ ಮೋಡಿನಲ್ಲಿ ಪಿಓಪನ್ ಮಾಡಿ ಪ್ಲಾಟ್ ಕಮಾಂಡ್ ಕಳಿಸುತ್ತದೆ. ಅದರ ಕೆಳಗೆ ದಿನಕ್ಕೊಂದು ಸಾಲು, ಕೊನೆಗೆ ಡೇಟಾ ಮುಗಿಯಿತು ಅನ್ನಲು 'ಇ' (e) ಅನ್ನುವ ಒಂದೇ ಅಕ್ಷರ. ಗ್ರಾಫ್ ತಯಾರಾಗಿ ಮಾಲೀಕರ ಫೋನಿಗೆ ಹೋಗುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು ಅಂತ ನೋಡಲು ಎಲ್ಲರಿಗೂ ಅವಸರ.

ಇಲ್ಲಿ ಪಿಕ್ಲೋಸ್ ಬೆಲೆ ಗೊತ್ತಾಗುತ್ತದೆ. ನಾವು ಎಫ್‌ಪ್ರಿಂಟ್‌ಎಫ್‌ನಿಂದ ಬರೆದದ್ದು ತಕ್ಷಣ ಗ್ನೂಪ್ಲಾಟ್‌ಗೆ ತಲುಪುವುದಿಲ್ಲ, ಬಫರಿನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಕೂತಿರುತ್ತದೆ. ಪಿಕ್ಲೋಸ್ ಅದನ್ನು ತಳ್ಳುತ್ತದೆ, ಪೈಪ್ (ಎರಡು ಪ್ರೋಗ್ರಾಂಗಳ ನಡುವಿನ ಡೇಟಾ ದಾರಿ) ಮುಚ್ಚುತ್ತದೆ, ಆಮೇಲೆ ಚೈಲ್ಡ್, ಅಂದರೆ ನಾವು ಓಡಿಸಿದ ಪ್ರೋಗ್ರಾಂ, ಮುಗಿಯುವ ತನಕ ಕಾಯುತ್ತದೆ. ಅದು ವಾಪಸ್ ಬರುವ ಮೊದಲೇ ಚಿತ್ರದ ಫೈಲ್ ತೆರೆದರೆ ಅರ್ಧ ಗ್ರಾಫ್ ಸಿಗಬಹುದು, ಖಾಲಿ ಫೈಲೂ ಸಿಗಬಹುದು. ಪಿಕ್ಲೋಸ್ ಜಾಗದಲ್ಲಿ ಮಾಮೂಲಿ ಫೈಲ್ ಮುಚ್ಚುವ ಎಫ್‌ಕ್ಲೋಸ್ ಹಾಕಿದರೆ ಕಾಯುವವರೇ ಇಲ್ಲ. ಮುಗಿದ ಚೈಲ್ಡ್ ಜೋಂಬಿಯಾಗಿ ಉಳಿಯುತ್ತದೆ, ಪ್ರೋಸೆಸ್‌ಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ 'ಡಿಫಂಕ್ಟ್' ಅಂತ ಕಾಣುತ್ತದೆ.

ಪಿಕ್ಲೋಸ್ ಕೊಡುವ ನಂಬರ್ ಮಾತ್ರ ಸ್ವಲ್ಪ ತಲೆ ತಿನ್ನುತ್ತದೆ. ಚೈಲ್ಡ್ ಎಕ್ಸಿಟ್ ಕೋಡ್ 1 ಕೊಟ್ಟು ಮುಗಿದರೆ ಲಿನಕ್ಸ್‌ನಲ್ಲಿ ನಿಮ್ಮ ಕೈಗೆ 256 ಬರುತ್ತದೆ. ಅದು ಚೈಲ್ಡ್ ಮುಗಿಯಲು ಕಾಯುವ ವೇಟ್‌ಪಿಡ್ ಕೊಡುವ ಸ್ಟೇಟಸ್ಸೇ. ಸಿಗ್ನಲ್‌ನಿಂದ ಸತ್ತಿತಾ ಅಂತ ಮೊದಲು ನೋಡಿ, ಆಮೇಲೆ ಡಬ್ಲ್ಯುಎಕ್ಸಿಟ್‌ಸ್ಟೇಟಸ್ ಮ್ಯಾಕ್ರೋ ಹಾಕಿ ಬಿಡಿಸಿಕೊಳ್ಳಬೇಕು. ಬಿಡಿಸಿದ ಮೇಲೆ 127 ಕಂಡರೆ ಸಾಮಾನ್ಯವಾಗಿ ಕಮಾಂಡೇ ಸಿಗಲಿಲ್ಲ ಅಂತ. ಗ್ನೂಪ್ಲಾಟ್ ಇನ್‌ಸ್ಟಾಲ್ ಆಗದ ಹೊಸ ಕಂಪ್ಯೂಟರಿನಲ್ಲಿ ಇದೇ ಬರುತ್ತದೆ. ಪಿಓಪನ್ ಮಾತ್ರ ಏನೂ ಆಗದವರ ಹಾಗೆ ಫೈಲ್ ಪಾಯಿಂಟರ್ ಕೊಟ್ಟಿರುತ್ತದೆ, ಯಾಕಂದ್ರೆ ಅದು ಓಡಿಸಿದ್ದು ಕಮಾಂಡ್ ಓದಿ ನಡೆಸುವ ಶೆಲ್ ಅನ್ನು. ಶೆಲ್ ಇದೆ ಅಂದಮೇಲೆ ಫೈಲ್ ಹೆಸರನ್ನು ಸುಮ್ನೆ ಕಮಾಂಡ್ ಒಳಗೆ ತುರುಕಬೇಡಿ. ಹೆಸರಿನಲ್ಲಿ ಒಂದು ಸೆಮಿಕೋಲನ್ ಇದ್ದರೂ ಸಾಕು, ಅಲ್ಲಿಂದ ಹೊಸ ಕಮಾಂಡ್ ಅಂತ ಶೆಲ್ ಓದಿ ಕೆಲಸ ಕೆಡುತ್ತದೆ.

ಒಂದು ಸ್ಟಾರ್ ಕಡಿಮೆ ಯಾಕೆ? ಪಿಓಪನ್ ಒಂದೇ ದಿಕ್ಕಿನದು. ಓದಬಹುದು ಇಲ್ಲ ಬರೆಯಬಹುದು, ಎರಡೂ ಬೇಕಂದರೆ ಪೈಪ್, ಫೋರ್ಕ್, ಡಪ್2, ಎಕ್ಸೆಕ್ ಅನ್ನುವ ಬೇರೆ ಬೇರೆ ಕಾಲ್‌ಗಳನ್ನು ಸೇರಿಸಿ ಕೈಯಾರೆ ಮಾಡಬೇಕು. ಅಲ್ಲಿ ಕಾಯುವ ಕ್ರಮ ತಪ್ಪಿದರೆ ಪ್ರೋಗ್ರಾಂ ನಿಂತೇ ಹೋಗುತ್ತದೆ. ಅದೇ ತೋಟದಲ್ಲಿ ಬೇರೆಯವರು ಬರೆದುಕೊಟ್ಟ ತೂಕದ ಪ್ರೋಗ್ರಾಂ ಒಂದಿತ್ತು. ಮಳೆಗಾಲವೆಲ್ಲ ಚೆನ್ನಾಗಿ ಓಡುತ್ತಿತ್ತು. ರೊಬಸ್ಟಾ ಕೊಯ್ಲು ಬಂತೋ, ಸಂಜೆ ಲೆಕ್ಕಕ್ಕೆ ಕೂತಾಗ ಅಲ್ಲಾಡುತ್ತಿರಲಿಲ್ಲ. ನೆಟ್‌ವರ್ಕ್, ಕರೆಂಟು, ಎಲ್ಲದರ ಮೇಲೂ ಅನುಮಾನ ಬಂತು. ಕೋಡ್ ತೆಗೆದು ನೋಡಿದರೆ ಮೊದಲು ವೇಟ್‌ಪಿಡ್, ಆಮೇಲೆ ರೀಡ್. ಲಿನಕ್ಸ್‌ನಲ್ಲಿ ಒಂದು ಪೈಪ್ ಮಾಮೂಲಿಗೆ 64 ಕೆಬಿ ಹಿಡಿಯುತ್ತದೆ. ಮಳೆಗಾಲದ ಪಟ್ಟಿ ಚಿಕ್ಕದು, ಅಷ್ಟರೊಳಗೆ ಮುಗಿಯುತ್ತಿತ್ತು. ಕೊಯ್ಲಿನ ಪಟ್ಟಿ ಅದನ್ನು ದಾಟುತ್ತಿತ್ತು. ತುಂಬಿದ ಕಣಕ್ಕೆ ಇನ್ನೊಂದು ಮೂಟೆ ಹಣ್ಣು ತಂದ ಹಾಗೆ, ಸುರಿಯಲು ಜಾಗವಿಲ್ಲದೆ ಚೈಲ್ಡ್ ನಿಂತಿತ್ತು. ಅದು ಮುಗಿಯಲಿ ಅಂತ ಅದನ್ನು ಓಡಿಸಿದ ಪೇರೆಂಟ್ ಕಾಯುತ್ತಿತ್ತು. ಎರಡು ಸಾಲುಗಳ ಜಾಗ ಅದಲುಬದಲು ಮಾಡಿದ್ದಷ್ಟೇ ರಿಪೇರಿ: ಕೊನೇ ತನಕ ಓದು, ಆಮೇಲೆ ಕಾಯಿ. ಪೇರೆಂಟ್ ಕಡೆ ಪೈಪಿನ ಬರೆಯುವ ತುದಿಯನ್ನೂ ಮುಚ್ಚಿರಬೇಕು. ಇಲ್ಲದಿದ್ದರೆ ಓದುವುದು ಮುಗಿಯುವುದೇ ಇಲ್ಲ. ಪಿಓಪನ್ ಬಳಸಿದ್ದರೆ ಆ ತುದಿಯ ಚಿಂತೆ ಇರುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಕೊರತೆ, ಪಿಕ್ಲೋಸ್‌ಗೆ ಟೈಮ್‌ಔಟ್ ಇಲ್ಲ. ಚೈಲ್ಡ್ ಸಿಕ್ಕಿಬಿದ್ದರೆ ನೀವೂ ಅದರ ಜೊತೆಗೆ ಕೂರಬೇಕು. ಅದಕ್ಕೆ ನಾನು ಕಮಾಂಡ್ ಮುಂದೆ 'ಟೈಮ್‌ಔಟ್ 30' (30 ಸೆಕೆಂಡಿಗೆ ನಿಲ್ಲಿಸು) ಅಂತ ಸೇರಿಸಿದ್ದೇನೆ, ಓದುವವರಿಲ್ಲದ ಪೈಪಿಗೆ ಬರೆದಾಗ ಬರುವ ಸಿಗ್‌ಪೈಪ್ ಸಿಗ್ನಲ್ ಅನ್ನು ಕಡೆಗಣಿಸುವಂತೆಯೂ ಮಾಡಿದ್ದೇನೆ. ಇಲ್ಲದಿದ್ದರೆ ಸತ್ತ ಚೈಲ್ಡ್‌ಗೆ ಬರೆಯಲು ಹೋಗಿ ನನ್ನ ಪ್ರೋಗ್ರಾಮೂ ಸಾಯುತ್ತದೆ. ಅವಧಿ ಮೀರಿದರೆ ಎಕ್ಸಿಟ್ ಕೋಡ್ 124 ಬರುತ್ತದೆ. ಆಗ ರೈಟರ್ ಸ್ಕ್ರೀನಿನಲ್ಲಿ 'ಗ್ರಾಫ್ ಆಗಲಿಲ್ಲ, ಇನ್ನೊಮ್ಮೆ ಒತ್ತಿ' ಅಂತ ಬರುತ್ತದೆ.