ಆರು ತಿಂಗಳ ಪರಿಸರ ಕಾರ್ಯಕ್ರಮಗಳ ಪಟ್ಟಿ: ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು

ದಾವಣಗೆರೆಯ ಸ್ವಯಂಸೇವಕರ ಬಳಗವೊಂದು ವರ್ಷಕ್ಕೆ ಎರಡು ಸಲ ಪರಿಸರ ಕಾರ್ಯಕ್ರಮಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚುತ್ತದೆ. ಪಟ್ಟಿಯ ಜೊತೆಗೆ ಆ ಕಾರ್ಯಕ್ರಮಗಳಿಗೆ ಬೇಕಾದ ಬಸ್ಸು, ಬೆಳಗಿನ ತಿಂಡಿ ಹಾಗೂ ವಿಷಯ ಬಲ್ಲ ಮಾರ್ಗದರ್ಶಕರ ವ್ಯವಸ್ಥೆಯನ್ನೂ ಅದೇ ಮಾಡುತ್ತದೆ. ತಲೆಗೆ 250 ರೂಪಾಯಿ ಕೊಟ್ಟು ಹೆಸರು ಬರೆಸಿದರೆ ಸಾಕು. ಕೆಲವು ವರ್ಷಗಳಿಂದ ನಾನು ಈ ಸೇವೆಯನ್ನು ಬಳಸುತ್ತಿದ್ದೇನೆ. ಬರುವ ಜನವರಿಯಿಂದ ಜೂನ್‌ವರೆಗಿನ ಪಟ್ಟಿ ಈಗ ಕೈಸೇರಿರುವುದರಿಂದ, ಯಾವ ಕಾರ್ಯಕ್ರಮ ಕೊಟ್ಟ ಹಣಕ್ಕೂ ಭಾನುವಾರದ ಬೆಳಗಿಗೂ ತಕ್ಕದ್ದು, ಯಾವುದು ಅಲ್ಲ ಎಂಬುದನ್ನು ಹೆಸರು ಬರೆಸಲಿರುವವರ ಅನುಕೂಲಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಕುಂದುಕೊರತೆಗಳನ್ನೂ ಹೇಳಬೇಕಾಗಿರುವ ಕಾರಣ ಬಳಗದ ಹೆಸರನ್ನು ಹಾಕಿಲ್ಲ.

ಪಟ್ಟಿಯ ಮಾದರಿ ಇಂಗ್ಲೆಂಡಿನ ಹಳ್ಳಿಗಾಡಿನದು. ಬಳಗದ ಹಿರಿಯರೊಬ್ಬರು ಮಗಳ ಮನೆಗೆಂದು ಅಲ್ಲಿಗೆ ಹೋಗಿದ್ದಾಗ, ಮುಂಬರುವ ತಿಂಗಳುಗಳ ಬೇಲಿಗಿಡ ನಾಟಿ, ಕಾಲುದಾರಿ ದುರಸ್ತಿ, ಹಕ್ಕಿ ಎಣಿಕೆ, ಚಹಾಕೂಟ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಗ್ರಾಮಭವನದ ಫಲಕಕ್ಕೆ ಅಂಟಿಸುವ ಪದ್ಧತಿಯನ್ನು ಕಂಡು ಮೆಚ್ಚಿ ಬಂದರು. ಅಲ್ಲಿ ಬೇಲಿಗಿಡಗಳನ್ನು ನವೆಂಬರ್ ಮತ್ತು ಮಾರ್ಚ್ ನಡುವೆ, ಅವು ಎಲೆ ಉದುರಿಸಿ ಸುಮ್ಮನಿರುವ ಕಾಲದಲ್ಲಿ, ಬೇರಿಗೆ ಮಣ್ಣಿಲ್ಲದೆಯೇ ತಂದು ನೆಡುತ್ತಾರೆ. ಮಾರ್ಚ್ ಬಂದ ಮೇಲೆ ಹಕ್ಕಿಗಳು ಗೂಡು ಕಟ್ಟತೊಡಗುವುದರಿಂದ ಆಗಸ್ಟ್ ಮುಗಿಯುವವರೆಗೆ ಬೇಲಿ ಸವರುವ ಕೆಲಸವನ್ನು ಇಟ್ಟುಕೊಳ್ಳುವುದಿಲ್ಲ. ಪಕ್ಷಿ ಸಂರಕ್ಷಣೆಯ ರಾಯಲ್ ಸೊಸೈಟಿಯು 1979ರಿಂದ ನಡೆಸುತ್ತಿರುವ ಮನೆತೋಟದ ಹಕ್ಕಿ ಎಣಿಕೆಯೂ ಜನವರಿಯ ಕೊನೆಯ ವಾರಾಂತ್ಯಕ್ಕೇ ಬರುತ್ತದೆ, ಏಕೆಂದರೆ ಚಳಿ ಹೆಚ್ಚಿದಂತೆ ಹಕ್ಕಿಗಳು ಮೇವು ಹುಡುಕಿಕೊಂಡು ಮನೆಗಳ ಹತ್ತಿರ ಸುಳಿಯುತ್ತವೆ. ದಿನಾಂಕವನ್ನು ಗಿಡವೋ ಹಕ್ಕಿಯೋ ಗೊತ್ತುಮಾಡುತ್ತದೆ ಎಂಬುದೇ ಅಂಥ ಪಟ್ಟಿಗಳ ಜೀವಾಳ. ನಮ್ಮ ಬಳಗವು ಹಾಳೆಯ ಅಚ್ಚುಕಟ್ಟನ್ನು ಪೂರ್ತಿಯಾಗಿ ತಂದಿದೆ. ಈ ಜೀವಾಳವನ್ನು ಅರ್ಧದಷ್ಟು ಮಾತ್ರ ತಂದಿದೆ.

ತಂದಿರುವ ಅರ್ಧ ಬಹಳ ಚೆನ್ನಾಗಿದೆ ಎಂಬುದಕ್ಕೆ ಜನವರಿಯ ನೀರುಹಕ್ಕಿ ಎಣಿಕೆಯೇ ಸಾಕ್ಷಿ. 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿಯು ಪ್ರತಿ ಜನವರಿಯಲ್ಲಿ, ಅಂದರೆ ವಲಸೆ ಬಂದ ಬಾತುಗಳು ಕೆರೆಗಳಲ್ಲಿ ನೆಲೆ ನಿಂತಿರುವಾಗ ನಡೆಯುತ್ತದೆ, ಮತ್ತು ಬಳಗವು ಅದೇ ಅವಧಿಯಲ್ಲಿ ಕೊಂಡಜ್ಜಿ ಕೆರೆಗೂ ಸೂಳೆಕೆರೆಗೂ ಒಂದೊಂದು ತಂಡವನ್ನು ಕಳುಹಿಸುತ್ತದೆ. ಕೊಂಡಜ್ಜಿಯಲ್ಲಿ ಕೆಲಸ ನಡೆಯುವ ಕ್ರಮವನ್ನು ನೋಡಿಯೇ ತಿಳಿಯಬೇಕು. ಮಾರ್ಗದರ್ಶಕರು ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ತಂಡವನ್ನು ನಿಲ್ಲಿಸುತ್ತಾರೆ. ಎದುರು ಬಿಸಿಲಿಗೆ ನಿಂತರೆ ನೀರಿನ ಮೇಲಿರುವುದೆಲ್ಲ ಕಪ್ಪು ಚುಕ್ಕೆಯಾಗಿ ಕಾಣುತ್ತದೆಯೇ ಹೊರತು ವರಟೆ ಯಾವುದು, ನಾಮದ ಕೋಳಿ ಯಾವುದು ಎಂದು ಗೊತ್ತಾಗುವುದಿಲ್ಲ. ಮೂವರು ಮೂವರಾಗಿ ತಂಡ ಮಾಡಿ, ಒಬ್ಬರಿಗೆ ದುರ್ಬೀನು, ಒಬ್ಬರಿಗೆ ಪುಸ್ತಕ, ಮತ್ತೊಬ್ಬರಿಗೆ ಹಕ್ಕಿಗಳು ಎದ್ದು ಎತ್ತ ಹೋದವು ಎಂದು ನೋಡಿಕೊಳ್ಳುವ ಕೆಲಸವನ್ನು ವಹಿಸುತ್ತಾರೆ. ಈ ಮೂರನೆಯವರಿಲ್ಲದಿದ್ದರೆ ಲೆಕ್ಕ ಕೆಟ್ಟಂತೆಯೇ, ಏಕೆಂದರೆ ಮೀನುಗಾರರ ತೆಪ್ಪವೊಂದು ಹತ್ತಿರ ಬಂದರೆ ಇಡೀ ಹಿಂಡು ಎದ್ದು ಕೆರೆಯ ಇನ್ನೊಂದು ಮೂಲೆಗೆ ಹೋಗಿ ಕೂರುತ್ತದೆ; ಅಲ್ಲಿ ನಿಂತ ತಂಡ ಅದನ್ನೇ ಮತ್ತೊಮ್ಮೆ ಎಣಿಸಿಬಿಡುತ್ತದೆ. ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸುವ ಹಟ ಬಿಟ್ಟು, ಮೊದಲು ಹತ್ತು ಹಕ್ಕಿಗಳು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ರೂಢಿ ಮಾಡಿಕೊಂಡು, ಆ ಅಳತೆಯಲ್ಲಿ ಹಿಂಡನ್ನು ತುಂಡು ತುಂಡಾಗಿ ನೋಡುವುದನ್ನು ಕಲಿಸುತ್ತಾರೆ. ಹೊಸಬರಿಗೆ ಇಷ್ಟು ತಾಳ್ಮೆಯಿಂದ ಹೇಳಿಕೊಡುವವರು ಸಿಗುವುದು ಅಪರೂಪ. ಕೊಟ್ಟ ಹಣ ಇಲ್ಲಿಗೇ ಸಲ್ಲುತ್ತದೆ.

ಸೂಳೆಕೆರೆಯ ವ್ಯವಸ್ಥೆಯ ಬಗ್ಗೆ ಮಾತ್ರ ಆಕ್ಷೇಪವಿದೆ. ಶಾಂತಿಸಾಗರವೆಂದೂ ಕರೆಯಲಾಗುವ, ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ, ಚಿತ್ರದುರ್ಗ ನಗರದವರೆಗೂ ಕುಡಿಯುವ ನೀರು ಕೊಡುವ ಈ ಕೆರೆಗೂ ಕೊಂಡಜ್ಜಿಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಹಾಗಿದ್ದರೂ ಪಟ್ಟಿಯು ಎರಡಕ್ಕೂ ಅಷ್ಟೇ ಸಮಯ, ಅಷ್ಟೇ ಜನ ಎಂದು ಗೊತ್ತುಮಾಡಿದೆ. ಏರಿಯ ಮೇಲೆ ನಿಂತು ಕಂಡಷ್ಟನ್ನು ಬರೆದುಕೊಂಡು ಬರುವುದನ್ನು ಕೆರೆಯ ಎಣಿಕೆ ಎನ್ನಲಾಗದು. ಹಿನ್ನೀರಿನ ತೆಳುನೀರಲ್ಲೇ ಹಕ್ಕಿಗಳು ಹೆಚ್ಚಾಗಿರುತ್ತವೆ, ಅತ್ತ ಹೋಗಲು ಬಸ್ಸಿಗೆ ಸಮಯ ಉಳಿಯುವುದಿಲ್ಲ. ಕನಿಷ್ಠ ಮೂರು ತಂಡಗಳನ್ನಾದರೂ ಬೇರೆ ಬೇರೆ ದಂಡೆಗಳಿಗೆ ಕಳುಹಿಸದಿದ್ದರೆ ಅದು ಒಳ್ಳೆಯ ಪ್ರವಾಸವಾದೀತೇ ಹೊರತು ಗಣತಿಯಾಗದು.

ಫೆಬ್ರುವರಿಯಲ್ಲಿ ಎರಡು ಕಾರ್ಯಕ್ರಮಗಳಿವೆ. 1971ರಲ್ಲಿ ಜೌಗುಭೂಮಿಗಳ ರಕ್ಷಣೆಗಾಗಿನ ರಾಮ್ಸರ್ ಒಪ್ಪಂದಕ್ಕೆ ಸಹಿ ಬಿದ್ದ ದಿನವಾದ ಫೆಬ್ರುವರಿ 2ರಂದು ಸಭಾಂಗಣದಲ್ಲಿ ಉಪನ್ಯಾಸವಿದೆ, ಪುರುಸೊತ್ತಿದ್ದವರು ಹೋಗಬಹುದು. ತಿಂಗಳ ನಡುವೆ ಬರುವ ನಾಲ್ಕು ದಿನಗಳ ಹಿತ್ತಲ ಹಕ್ಕಿ ಎಣಿಕೆಗೆ ಬಸ್ಸೂ ಬೇಡ, ಹಣವೂ ಬೇಡ. ಮನೆಯ ಮಾಳಿಗೆಯ ಮೇಲೋ ಕುಂದುವಾಡ ಕೆರೆಯ ದಾರಿಯಲ್ಲೋ ಕನಿಷ್ಠ 15 ನಿಮಿಷ ನಿಂತು ಕಂಡದ್ದನ್ನು ಬರೆದು ಕಳುಹಿಸಿದರಾಯಿತು. ಶಾಲೆಯ ಮಕ್ಕಳಿರುವ ಮನೆಯವರು ಇದನ್ನು ಬಿಡಬಾರದು.

ಮಾರ್ಚ್ ಕೊನೆಯ ಬಳ್ಳಾರಿ ಜಾಲಿ ತೆಗೆಯುವ ಶ್ರಮದಾನವನ್ನು ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ಆದರೆ ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಅದೇ. ಕೆರೆಯಂಗಳ ಒಣಗಿ ಬಿರುಕು ಬಿಟ್ಟಿರುವ, ರೈತರು ಹೊಲಕ್ಕೆ ಗೋಡು ಹೊಡೆಯಲು ಟ್ರ್ಯಾಕ್ಟರ್ ಇಳಿಸುವ ಕಾಲಕ್ಕೇ ಇದನ್ನು ಹೊಂದಿಸಿರುವುದು ಜಾಣತನ. ಈ ಜಾಲಿಯನ್ನು ಕೊಡಲಿಯಿಂದ ಕಡಿದರೆ ಪ್ರಯೋಜನವಿಲ್ಲ. ಬುಡ ಉಳಿದರೆ ಒಂದು ಕಾಂಡವಿದ್ದ ಕಡೆ ನಾಲ್ಕು ಚಿಗುರು ಏಳುತ್ತವೆ. ನೆಲಮಟ್ಟಕ್ಕಿಂತ ಕೆಳಗೆ ಬೇರು ಮತ್ತು ಕಾಂಡ ಕೂಡುವ ಗಂಟಿನವರೆಗೆ ಪಿಕಾಸಿಯಿಂದ ಅಗೆದು, ಹಾರೆ ಕೊಟ್ಟು ಮೀಟಿ, ಗಂಟನ್ನೇ ಕೀಳಬೇಕು. ಒಂದು ಮಧ್ಯಮ ಗಾತ್ರದ ಗಿಡಕ್ಕೆ ಇಬ್ಬರು ಗಟ್ಟಿಗರು ಬೇಕು. ಚಪ್ಪಲಿ ಹಾಕಿಕೊಂಡು ಬಂದವರ ಗತಿ ಹೇಳತೀರದು, ಏಕೆಂದರೆ ಅದರ ಮುಳ್ಳು ಅಟ್ಟೆಯನ್ನು ದಾಟಿ ಪಾದಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿ ಗಟ್ಟಿ ಅಟ್ಟೆಯ ಬೂಟಿನ ಮಾತೇ ಇಲ್ಲದಿರುವುದು ದೊಡ್ಡ ಲೋಪ. ಕಿತ್ತ ಗಿಡದ ಕಾಯಿಗಳನ್ನು ಅಲ್ಲೇ ಬಿಟ್ಟು ಬರುವುದು ಇನ್ನೊಂದು ಲೋಪ: ದನಕುರಿಗಳು ಆ ಸಿಹಿ ಕಾಯಿಯನ್ನು ಆಸೆಯಿಂದ ತಿನ್ನುತ್ತವೆ, ಬೀಜ ಸಗಣಿ ಹಿಕ್ಕೆಗಳ ಜೊತೆ ಮುಂದಿನ ಊರಿನ ಕೆರೆಗೆ ಹೋಗುತ್ತದೆ.

ಮೇ ತಿಂಗಳಿನ ರಂಗಯ್ಯನದುರ್ಗ ಚಾರಣಕ್ಕೆ ಬೇಡಿಕೆ ಹೆಚ್ಚು, ಸೀಟುಗಳು ಬೇಗ ತುಂಬುತ್ತವೆ. ಜಗಳೂರು ತಾಲ್ಲೂಕಿನ ಈ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಗಂಡಿಗೆ ನಾಲ್ಕು ಕೊಂಬುಗಳಿರುವ, ಹೆಣ್ಣಿಗೆ ಕೊಂಬೇ ಇಲ್ಲದ ಈ ನಾಚಿಕೆಯ ಪ್ರಾಣಿ ನಮ್ಮ ಜಿಲ್ಲೆಯಲ್ಲಿದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಕ್ರಮವಾಗಿಯೇ ಕರೆದೊಯ್ಯುತ್ತಾರೆ. ಆದರೆ ಸಮಯ ತಪ್ಪು. ಕೊಂಡುಕುರಿಗೆ ನೀರು ಪದೇ ಪದೇ ಬೇಕು, ಅದು ನೀರಿನಿಂದ ಬಹಳ ದೂರ ಹೋಗುವುದಿಲ್ಲ. ಮೇ ತಿಂಗಳಿನಲ್ಲಿ ಉಳಿದಿರುವ ನಾಲ್ಕಾರು ಗುಂಡಿಗಳ ಆಸುಪಾಸಿಗೇ ಜನರನ್ನು ಕರೆದೊಯ್ದರೆ ಪ್ರಾಣಿ ನೀರಿಗೆ ಇಳಿಯಲು ಹಿಂಜರಿಯುತ್ತದೆ. ಅಷ್ಟಕ್ಕೂ ನಮಗೆ ಕಾಣಿಸಿದ್ದು ಪ್ರಾಣಿಯಲ್ಲ, ಅದು ಮತ್ತೆ ಮತ್ತೆ ಬಂದು ಹಾಕುವ ಒಂದೇ ಜಾಗದ ಹಿಕ್ಕೆಯ ರಾಶಿ. ಅದನ್ನು ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹದಲ್ಲೂ ನೋಡಬಹುದು, ಆಗ ಹಳ್ಳಗಳಲ್ಲಿ ನೀರೂ ಇರುತ್ತದೆ.

ಇನ್ನು ಬಿಡಬೇಕಾದವು. ಚಿತ್ರದುರ್ಗದ ಕಡೆಯ ಗುಡ್ಡವೊಂದಕ್ಕೆ ಬೀಜದುಂಡೆ ಎಸೆಯುವ ಕಾರ್ಯಕ್ರಮವನ್ನು 'ಬೋಳು ಗುಡ್ಡಕ್ಕೆ ಹಸಿರು' ಎಂಬ ತಲೆಬರಹದಲ್ಲಿ ಹಾಕಿದ್ದಾರೆ. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಆ ಗುಡ್ಡ ಹುಲ್ಲುಗಾವಲು. ಗೌಜಲಹಕ್ಕಿ ಮೊಟ್ಟೆಯಿಡುವುದು, ಮೊಲ ಅಡಗುವುದು, ಕುರಿಗಾಹಿಗಳು ಮಂದೆ ಬಿಡುವುದು ಆ ಹುಲ್ಲಿನಲ್ಲೇ. ಚಿತ್ರದುರ್ಗ ಜಿಲ್ಲೆಯ ಅಮೃತಮಹಲ್ ಕಾವಲುಗಳು, ಅಂದರೆ ಮೇವಿನ ಬಯಲುಗಳು, ಆ ಹೆಸರಿನ ದನದ ತಳಿಯನ್ನು ಬೆಳೆಸಿದ್ದೂ ಇಂಥ ಹುಲ್ಲಿನ ಮೇಲೆಯೇ. ಹೊಳೆಯಾಚೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಬಯಲಿಗೆ ನೀಲಗಿರಿ ನೆಟ್ಟದ್ದರ ಫಲವನ್ನು ನೋಡಿದ ಮೇಲೂ ಇಂಥ ಯೋಚನೆ ಬರುವುದು ಸೋಜಿಗ. ಉಂಡೆಗಳು ಮೊಳೆಯದಿದ್ದರೆ ಶ್ರಮ ವ್ಯರ್ಥ, ಮೊಳೆತರೆ ಹುಲ್ಲಿಗೆ ನಷ್ಟ.

ಜೂನ್ 5ರ ಸಸಿ ನೆಡುವ ಕಾರ್ಯಕ್ರಮ ಪಟ್ಟಿಯ ಅತಿ ದೊಡ್ಡ ಕಾರ್ಯಕ್ರಮವೂ ಹೌದು, ಅತಿ ದುರ್ಬಲವಾದದ್ದೂ ಹೌದು. ಈ ದಿನಾಂಕ ಬಂದದ್ದು 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಆರಂಭವಾದ ದಿನದಿಂದ. ನಮ್ಮ ಮಳೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆ ಹೊತ್ತಿಗೆ ರೋಹಿಣಿ ಮಳೆಯೂ ಮುಗಿದಿರುವುದಿಲ್ಲ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂದು ಬಿತ್ತನೆಯ ಭವಿಷ್ಯವನ್ನೇ ಜೂನ್ ಕೊನೆಯ ಮಳೆಗೆ ಬಿಟ್ಟಿರುವ ನಾಡಿನಲ್ಲಿ ಸಸಿಗೆ ಮಾತ್ರ ಅವಸರವೇಕೆ? ಕಳೆದ ಸಲ ಬೆಳಿಗ್ಗೆ ಗುಂಡಿ ತೋಡಿ, ಒಣಮಣ್ಣಿಗೇ ಹೊಂಗೆ, ಬೇವು, ನೇರಳೆ ಇಟ್ಟು, ಒಂದೊಂದು ಚೊಂಬು ನೀರು ಹೊಯ್ದು, ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಎಲೆಗಳು ಜೋಲು ಬಿದ್ದಿದ್ದವು. ಯುಗಾದಿಯ ಹೊತ್ತಿಗೆ ಆ ರಸ್ತೆಯಲ್ಲಿ ಉಳಿದದ್ದು ಮುಳ್ಳಿನ ಕಾವಲು ಬೇಲಿ ಮಾತ್ರ. ಆಗಿನ ಕೇಂದ್ರ ಸಚಿವ ಕೆ. ಎಂ. ಮುನ್ಶಿ ಅವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರದಲ್ಲಿದೆ. ಮೇ ತಿಂಗಳಿನಲ್ಲೇ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮಳೆ ಹಿಡಿದ ಮೇಲೆ ಆ ವಾರದಲ್ಲಿ ನೆಟ್ಟರೆ ಅದೇ ಸಸಿಗಳು ಬದುಕುತ್ತವೆ. ಈ ಮಾತನ್ನು ಬಳಗದ ಸಭೆಯಲ್ಲಿ ಹೇಳಿಯೂ ಆಗಿದೆ. ಜೂನ್ 5ಕ್ಕೆ ಅತಿಥಿಗಳು ಸಿಗುತ್ತಾರೆ, ಜುಲೈಗೆ ಸಿಗುವುದಿಲ್ಲ ಎಂಬ ಉತ್ತರ ಬಂತು.

ಅನುಕೂಲಗಳ ವಿಷಯ ಚಿಕ್ಕದು. ಬಸ್ಸು ಹೊರಡುವ ಸಮಯ ಐದೂವರೆ ಎಂದಿದ್ದರೂ ಆರಕ್ಕೆ ಮೊದಲು ಹೊರಟದ್ದನ್ನು ನಾನು ಕಂಡಿಲ್ಲ, ಹಕ್ಕಿ ಎಣಿಕೆಯ ದಿನ ಆ ಅರ್ಧ ಗಂಟೆ ಬೆಲೆಯುಳ್ಳದ್ದು. ತಿಂಡಿ ಮಂಡಕ್ಕಿ, ಮೆಣಸಿನಕಾಯಿ ಮತ್ತು ಚಹಾ. ತಟ್ಟೆ, ಲೋಟಗಳನ್ನು ಮನೆಯಿಂದಲೇ ತರಬೇಕೆಂಬ ನಿಯಮವಿದೆ, ಅದನ್ನು ನಿಜವಾಗಿಯೂ ಪಾಲಿಸುತ್ತಾರೆ. ದುರ್ಬೀನುಗಳು ಕಡಿಮೆ, ಇದ್ದವರು ತಮ್ಮದನ್ನು ಒಯ್ಯುವುದು ಒಳ್ಳೆಯದು. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ, ಕಿತ್ತ ಜಾಲಿ ಎಷ್ಟು ಮತ್ತೆ ಚಿಗುರಿದೆ ಎಂಬ ಹಿಂದಿನ ವರ್ಷದ ಲೆಕ್ಕವನ್ನು ಪಟ್ಟಿಯ ಹಿಂಬದಿಯ ಖಾಲಿ ಪುಟದಲ್ಲಿ ಅಚ್ಚು ಹಾಕಿಸಿದರೆ ನಾಲ್ಕು ಕೊಡಲು ಅಡ್ಡಿಯಿಲ್ಲ. ಜನವರಿಗೆ ಹೆಸರು ಬರೆಸುವವರು ಕೊಂಡಜ್ಜಿಯ ತಂಡವನ್ನೇ ಕೇಳಿ ಪಡೆಯಬೇಕು, ಏಕೆಂದರೆ ಏನೂ ಹೇಳದೆ ಹಣ ಕಟ್ಟಿದವರನ್ನು ಜಾಗ ಉಳಿದಿರುವ ಸೂಳೆಕೆರೆಯ ಬಸ್ಸಿಗೆ ಸೇರಿಸುತ್ತಾರೆ.