ಎಡಗಾಲಿನ ಸಿರೆಗೆ ಸ್ಟೆಂಟ್: ಎಂಟು ತಿಂಗಳ ಅನುಭವ

ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ನನಗೆ ನಾಲ್ಕು ವರ್ಷಗಳ ಹಿಂದೆ ಎಡಗಾಲಿನ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಾತ್ರೆಗಳಿಂದ ಅಪಾಯವೇನೋ ಕಳೆಯಿತು, ಆದರೆ ಬಾವು ಉಳಿದುಕೊಂಡಿತು. ಸಂಜೆಯಾಗುತ್ತಲೇ ಕಾಲು ಕಲ್ಲಿನಂತೆ ಭಾರವಾಗುತ್ತಿತ್ತು, ಹರಡಿನ ಮೇಲಿನ ಚರ್ಮ ಕಪ್ಪಾಗಿ ಕಡೆಗೆ ಹುಣ್ಣೂ ಆಯಿತು. ಇದು ಬರೀ ವೇರಿಕೋಸ್ (ಚರ್ಮದಡಿ ಉಬ್ಬಿದ ಸಿರೆ) ಎಂದುಕೊಂಡು ಒಂದು ವರ್ಷ ಮುಲಾಮು ಹಚ್ಚುತ್ತ ಕುಳಿತದ್ದು ನನ್ನದೇ ತಪ್ಪು.

ನಗರದ ಖಾಸಗಿ ಆಸ್ಪತ್ರೆಯೊಂದರ ರಕ್ತನಾಳ ತಜ್ಞರು ರಕ್ತದ ಹರಿವು ನೋಡುವ ಡಾಪ್ಲರ್ ಮತ್ತು ಸಿಟಿ ಸ್ಕ್ಯಾನ್ ಮಾಡಿಸಿ, ಬಲಗಾಲಿಗೆ ಹೋಗುವ ಅಪಧಮನಿಯು ಕಿಬ್ಬೊಟ್ಟೆಯೊಳಗೆ ಎಡಗಾಲಿನ ಸಿರೆಯನ್ನು ಬೆನ್ನುಮೂಳೆಗೆ ಒತ್ತಿ ಹಿಡಿದಿರುವುದನ್ನೂ, ಅಲ್ಲಿ ಹಳೆಯ ಹೆಪ್ಪು ಗಟ್ಟಿ ನಾರಾಗಿ ದಾರಿ ಕಟ್ಟಿರುವುದನ್ನೂ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ತೊಡೆಯ ಸಿರೆಯಿಂದ ರಕ್ತ ಚೆನ್ನಾಗಿ ಹರಿದು ಬಂದರೆ ಮಾತ್ರ ಸ್ಟೆಂಟ್ (ಸಿರೆಯನ್ನು ಅಗಲಿಸಿ ಹಿಡಿಯುವ ಲೋಹದ ಬಲೆಯ ಕೊಳವೆ) ತೆರೆದಿರುತ್ತದೆ, ಸಿರೆಯ ಕೆಟ್ಟುಹೋದ ಕವಾಟಗಳನ್ನು ಅದು ರಿಪೇರಿ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದಲೇ ನನಗೆ ನಂಬಿಕೆ ಬಂದದ್ದು.

ಬೋರಲು ಮಲಗಿಸಿ, ಮೊಣಕಾಲಿನ ಹಿಂಭಾಗವನ್ನು ಮರಗಟ್ಟಿಸಿ ತಂತಿ ತೂರಿಸಿದರು. ಬಲೂನು ಉಬ್ಬಿದ ಗಳಿಗೆಯಲ್ಲಿ ಸೊಂಟದೊಳಗೆ ಯಾರೋ ಮುಷ್ಟಿ ಬಿಗಿದು ತಿರುವಿದಂತಾಯಿತು. ಆ ನೋವು ಒಂದು ವಾರ ಕಾಡಿ ತಾನಾಗಿ ಹೋಯಿತು. ಒಳಗಿಟ್ಟ ಸ್ಟೆಂಟಿನ, ಅಂದರೆ ನಿಟಿನಾಲ್ ಎಂಬ ಮಿಶ್ರಲೋಹದ ಬಲೆಯ ಅಗಲ 16 ಮಿಲಿಮೀಟರ್; ಹೃದಯಕ್ಕೆ ಹಾಕುವುದು ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸಿನದು.

ಬೇಸರ ತಂದದ್ದು ಬಿಲ್ಲು. ಮೊದಲು ಕೊಟ್ಟ ಅಂದಾಜು ಚೀಟಿಯಲ್ಲಿ ಸ್ಟೆಂಟಿನ ಬೆಲೆಯೇ ಸೇರಿರಲಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಗರಿಷ್ಠ ದರ ಹೃದಯದ ಸ್ಟೆಂಟ್‌ಗಳಿಗೆ ಮಾತ್ರ ಎಂಬುದು ನನಗೆ ಗೊತ್ತಾದದ್ದು ಹಣ ಕಟ್ಟುವ ಕೌಂಟರಿನ ಮುಂದೆ, ಅದೂ ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ. ಮನೆಯವರು ಒಡವೆ ಅಡವಿಟ್ಟು ಹಣ ಹೊಂದಿಸಿದರು.

ಹುಣ್ಣು ಎರಡೂವರೆ ತಿಂಗಳಲ್ಲಿ ಮಾಯಿತು, ಭಾರ ಬಹುಪಾಲು ಇಳಿಯಿತು. ಹಬ್ಬದ ವ್ಯಾಪಾರದ ದಿನಗಳಲ್ಲಿ ಈಗಲೂ ಸ್ವಲ್ಪ ಬಾವು ಬರುವುದರಿಂದ ಬಿಗಿ ಕಾಲುಚೀಲ ಬಿಟ್ಟಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆದಿದೆ. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬುದರ ಅಳತೆಯಾದ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು, ಸೊಪ್ಪು ಬಿಡಬೇಕಿಲ್ಲ, ಆದರೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು ಎಂದಿದ್ದಾರೆ. ಪರೀಕ್ಷೆಗೆ ಬೆಳಿಗ್ಗೆ ಎಂಟಕ್ಕೇ ರಕ್ತ ತೆಗೆದು ಮಧ್ಯಾಹ್ನದೊಳಗೆ ಫಲಿತಾಂಶವನ್ನು ಮೊಬೈಲಿಗೆ ಕಳಿಸುವ ಆಸ್ಪತ್ರೆಯ ಪ್ರಯೋಗಾಲಯದ ಅಚ್ಚುಕಟ್ಟುತನ ಅದೇ ಕಟ್ಟಡದ ಬಿಲ್ ವಿಭಾಗಕ್ಕೆ ಇನ್ನೂ ತಲುಪಬೇಕಿದೆ.