ಝೀಕ್ ಜೊತೆ ಒಂದೂವರೆ ವರ್ಷ: ಮಾಡೆಲ್ ಕಟ್ಟಲು ಹೋಗಿ ಲಾಗ್ ಓದಲು ಕಲಿತ ಕಥೆ

ಇದು ನೆಟ್‌ವರ್ಕ್ ಎಂಜಿನಿಯರ್ ಬರೆದ ರಿವ್ಯೂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಸರ್ಕಾರಿ ಸೈಬರ್ ಸೆಕ್ಯುರಿಟಿ ತಂಡವೊಂದರಲ್ಲಿ ಜೂನಿಯರ್ ಡೇಟಾ ಸೈಂಟಿಸ್ಟ್. ಸೇರಿ ಒಂದೂವರೆ ವರ್ಷದ ಮೇಲಾಯ್ತು. ಅದಕ್ಕೂ ಮೊದಲು ಹಿನ್ನೆಲೆ ಪರಿಶೀಲನೆ ಯಾವಾಗ ಮುಗಿಯುತ್ತದೋ ಅಂತ ಕಾದು ಕೂತದ್ದು ಬೇರೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಈ ಒಂದೂವರೆ ವರ್ಷದಲ್ಲಿ ನನ್ನ ಕಣ್ಣು ಅತಿ ಹೆಚ್ಚು ಹೊತ್ತು ನೆಟ್ಟಿದ್ದು ಡೇಟಾದಿಂದ ಕಲಿತು ತೀರ್ಪು ಕೊಡುವ ಯಾವ ಮಾಡೆಲ್ ಮೇಲೂ ಅಲ್ಲ, ಝೀಕ್ ಬರೆದಿಟ್ಟ ಲಾಗ್‌ಗಳ ಮೇಲೆ. ಹಾಗಾಗಿ ರಿವ್ಯೂ ಅಂತ ಬರೆದರೆ ಅದರ ಬಗ್ಗೆಯೇ ಬರೆಯಬೇಕು.

ಗೊತ್ತಿಲ್ಲದವರಿಗೆ: ಝೀಕ್ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಾಗಿಲ್ಲ. ನೆಟ್‌ವರ್ಕಿನಲ್ಲಿ ಹೋಗಿ ಬರುವ ಟ್ರಾಫಿಕ್‌ನ ಒಂದು ನಕಲನ್ನು ಇದಕ್ಕೆ ಕೊಟ್ಟರೆ ಯಾವ ಮೆಷೀನ್ ಯಾವುದರ ಜೊತೆ, ಯಾವಾಗ, ಎಷ್ಟು ಹೊತ್ತು, ಯಾವ ಪ್ರೋಟೊಕಾಲ್‌ನಲ್ಲಿ (ಮೆಷೀನ್‌ಗಳ ಮಾತಿನ ನಿಯಮ) ಮಾತಾಡಿತು ಅಂತ ಸಾಲು ಸಾಲಾಗಿ ಬರೆದಿಡುತ್ತದೆ. ಗೇಟಿನಲ್ಲಿ ಕೂತ ವಾಚ್‌ಮನ್ ರಿಜಿಸ್ಟರ್ ಬರೆಯುತ್ತಾನಲ್ಲ, ಹಾಗೆ. ಬಂದವನು ಕಳ್ಳನೋ ನೆಂಟನೋ ಅಂತ ಅದು ತನ್ನಷ್ಟಕ್ಕೆ ತೀರ್ಪು ಕೊಡಲು ಹೋಗುವುದಿಲ್ಲ. ಬೇಕಾದರೆ ಸ್ಕ್ರಿಪ್ಟ್ ಬರೆದು ನೋಟಿಸ್ ಕೊಡು ಅಂತ ಹೇಳಬಹುದು, ಆದರೆ ಅದರ ಮುಖ್ಯ ಕೆಲಸ ಬರೆಯುವುದು. ವರ್ನ್ ಪ್ಯಾಕ್ಸನ್ 1995ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ನ್ಯಾಷನಲ್ ಲ್ಯಾಬ್‌ನಲ್ಲಿ ಇದನ್ನು ಶುರು ಮಾಡಿದಾಗ ಇದರ ಹೆಸರು ಬ್ರೋ. ಆರ್ವೆಲ್ ಕಾದಂಬರಿಯಲ್ಲಿ ಎಲ್ಲರನ್ನೂ ನೋಡುತ್ತಾ ಕೂರುವ ಬಿಗ್ ಬ್ರದರ್‌ನಿಂದ ಬಂದ ಹೆಸರು, ಇಂಥ ಸಾಧನ ಕೈಯಲ್ಲಿದ್ದರೆ ಬೇರೆಯವರ ಖಾಸಗಿತನಕ್ಕೆ ಕೈ ಹಾಕಿದ ಹಾಗೆ ಅನ್ನುವುದು ನೆನಪಿರಲಿ ಅಂತ ಬೇಕೆಂದೇ ಇಟ್ಟದ್ದು. 2018ರಲ್ಲಿ ಝೀಕ್ ಆಯ್ತು. ಸರ್ಕಾರಿ ಕೆಲಸದಲ್ಲಿರುವ ನನಗೆ ಮಾತ್ರ ಹಳೆಯ ಹೆಸರೇ ಒಳ್ಳೆಯದಿತ್ತು ಅನಿಸುತ್ತದೆ, ದಿನಾ ಒಂದು ಸಲ ಚುಚ್ಚುತ್ತಿತ್ತು.

ನಾನು ಬಂದಾಗ ತಲೆ ತುಂಬಾ ಮಾಡೆಲ್‌ಗಳೇ. ಕಾಲೇಜಿನಲ್ಲಿ ದಾಳಿ ಪತ್ತೆ ಕಲಿಸಲು ಬಳಸುವ ಕೆಡಿಡಿ 99 ಡೇಟಾಸೆಟ್ ಮೇಲೆ 99 ಪರ್ಸೆಂಟ್ ಅಕ್ಯುರಸಿ ತೆಗೆದಿದ್ದೆ, ಅದನ್ನು ಇಂಟರ್‌ವ್ಯೂನಲ್ಲೂ ಹೇಳಿದ್ದೆ, ಈಗ ನೆನೆಸಿಕೊಂಡರೆ ನಾಚಿಕೆ. ಆ ಡೇಟಾ 1998ರಲ್ಲಿ ಒಂದು ವಾಯುಪಡೆ ನೆಟ್‌ವರ್ಕಿನ ಹಾಗೆ ಲ್ಯಾಬ್‌ನಲ್ಲಿ ನಟಿಸಿ ತಯಾರಿಸಿದ ಟ್ರಾಫಿಕ್‌ನಿಂದ ಬಂದದ್ದು. ಅದರ ಟ್ರೈನಿಂಗ್ ಸಾಲುಗಳಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಬರೀ ಪುನರಾವರ್ತನೆ, ಅದನ್ನು ಸರಿ ಮಾಡಲೆಂದೇ 2009ರಲ್ಲಿ ಎನ್‌ಎಸ್‌ಎಲ್ ಕೆಡಿಡಿ ಅಂತ ಇನ್ನೊಂದು ಬಂತು. ಪ್ರಶ್ನೆಪತ್ರಿಕೆ ಮೊದಲೇ ನೋಡಿ ಪರೀಕ್ಷೆ ಬರೆದ ಹಾಗೆ ಪಾಸಾಗಿದ್ದೆ ನಾನು.

ಇಲ್ಲಿ ಹಿರಿಯ ಅನಲಿಸ್ಟ್ ಒಬ್ಬರು ನನಗೆ ಕೊಟ್ಟ ಮೊದಲ ಕೆಲಸ ಇಷ್ಟೇ. "ನಿನ್ನೆಯ ಝೀಕ್ ಲಾಗ್ ಇದೆ, ನಿನ್ನ ಮೆಷೀನ್ ನಿನ್ನೆ ಇಡೀ ದಿನ ಏನೇನು ಮಾಡಿತು ಹೇಳು." ಅರ್ಧ ಗಂಟೆ ಸಾಕು ಅಂದುಕೊಂಡೆ. ಮೂರು ದಿನ ಬೇಕಾಯ್ತು! ನಾನು ಮುಟ್ಟದ ಹೊತ್ತಿನಲ್ಲೂ ಅದು ಯಾರ್ಯಾರ ಜೊತೆಗೋ ಮಾತಾಡಿತ್ತು: ಅಪ್‌ಡೇಟ್ ಸರ್ವರ್, ಗಡಿಯಾರ ಸರಿ ಮಾಡುವ ಸರ್ವರ್, ಪ್ರಿಂಟರ್ ಹುಡುಕಾಟ, ಯಾವಾಗಲೋ ತೆಗೆದುಹಾಕಿದ ಸರ್ವರ್ ಒಂದನ್ನು ಇನ್ನೂ ಕರೆಯುತ್ತಿದ್ದ ಯಾವುದೋ ಹಳೆಯ ಸೆಟ್ಟಿಂಗ್. ನನ್ನದೇ ಮೆಷೀನ್ ನನಗೆ ಅರ್ಥವಾಗದೆ ಸಾವಿರಾರು ಮೆಷೀನ್‌ಗಳಲ್ಲಿ ಯಾವುದು ವಿಚಿತ್ರ ಅಂತ ಹೇಳಲು ಹೊರಟಿದ್ದೆನಲ್ಲ.

ಲೆಕ್ಕವನ್ನೇ ನೋಡಿ. ದಿನಕ್ಕೆ ಒಂದು ಕೋಟಿ ಕನೆಕ್ಷನ್ ಅಂದುಕೊಳ್ಳೋಣ. ನಿಮ್ಮ ಮಾಡೆಲ್ ಸಾವಿರಕ್ಕೆ ಒಂದು ಸಲ ಮಾತ್ರ ಸುಳ್ಳು ಅಲಾರಂ ಕೊಡುತ್ತದೆ, ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅದು ದಿನಕ್ಕೆ ಹತ್ತು ಸಾವಿರ ಸುಳ್ಳು ಅಲಾರಂ. ನಿಜವಾದ ದಾಳಿಯ ಸಾಲುಗಳು ಅದರಲ್ಲಿ ಐದೋ ಹತ್ತೋ ಇದ್ದರೆ ಹೆಚ್ಚು. ನೋಡುವ ಜನ ಬೆರಳೆಣಿಕೆ. ಎರಡನೇ ವಾರಕ್ಕೆ ಯಾರೂ ನಿಮ್ಮ ಡ್ಯಾಶ್‌ಬೋರ್ಡ್ ತೆರೆಯುವುದೂ ಇಲ್ಲ. ರಾಬಿನ್ ಸೊಮ್ಮರ್ ಮತ್ತು ಇದೇ ಪ್ಯಾಕ್ಸನ್ ಸೇರಿ 2010ರಲ್ಲಿ ಬರೆದ ಪೇಪರ್‌ನಲ್ಲಿ ಈ ನೋವೆಲ್ಲ ಇದೆ: ಬೇರೆ ಕಡೆ ಗೆಲ್ಲುವ ಮಷೀನ್ ಲರ್ನಿಂಗ್ ಇಲ್ಲಿ ಯಾಕೆ ಒದ್ದಾಡುತ್ತದೆ, ಒಂದು ತಪ್ಪಿಗೆ ಇಲ್ಲಿ ಯಾಕೆ ಅಷ್ಟು ಬೆಲೆ ತೆರಬೇಕು ಅಂತ. ಸೇರುವ ಮೊದಲು ಓದಬೇಕಿತ್ತು, ಪೆಟ್ಟು ತಿಂದ ಮೇಲೆ ಓದಿದೆ.

ಸರಿ, ಝೀಕ್‌ಗೆ ಬರೋಣ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಯುಐಡಿ. ಪ್ರತಿ ಕನೆಕ್ಷನ್‌ಗೂ ಒಂದು ಗುರುತು ಕೊಟ್ಟು ಅದನ್ನೇ ಎಲ್ಲ ಲಾಗ್‌ಗಳಲ್ಲೂ ಬರೆಯುತ್ತದೆ. ಕನೆಕ್ಷನ್ ಲಾಗ್‌ನಲ್ಲಿ ಏನೋ ಅನುಮಾನ ಬಂತು ಅನ್ನಿ, ಅದೇ ಗುರುತು ಹಿಡಿದು ಎಚ್‌ಟಿಟಿಪಿ ಲಾಗ್‌ಗೆ ಹೋದರೆ ಯಾವ ಪುಟ ಕೇಳಿತು ಅಂತ ಸಿಗುತ್ತದೆ, ಫೈಲ್ಸ್ ಲಾಗ್‌ಗೆ ಹೋದರೆ ಯಾವ ಥರದ ಫೈಲ್ ಇಳಿಯಿತು ಅಂತ ಸಿಗುತ್ತದೆ. ಟೇಬಲ್ ಜೋಡಿಸುವುದೇ ಹೊಟ್ಟೆಪಾಡಾಗಿರುವ ನಮ್ಮಂಥವರಿಗೆ ಇದಕ್ಕಿಂತ ಉಪಕಾರ ಬೇರೆ ಇಲ್ಲ.

ಆಮೇಲೆ ಹಿಸ್ಟರಿ ಅನ್ನುವ ಕಾಲಂ. ಮೊದಲ ಸಲ ನೋಡಿದಾಗ ಯಾರೋ ಕೀಬೋರ್ಡ್ ಮೇಲೆ ಕೈ ಊರಿದ್ದಾರೆ ಅನಿಸಿತ್ತು. ಮಾತು ಶುರು ಮಾಡಿದವನು ಏನು ಮಾಡಿದರೂ ದೊಡ್ಡಕ್ಷರ, ಉತ್ತರ ಕೊಟ್ಟವನು ಮಾಡಿದರೆ ಚಿಕ್ಕಕ್ಷರ. ಕೈ ಕುಲುಕಿದ್ದು, ಡೇಟಾ ಕಳಿಸಿದ್ದು, ಮುಗಿಸಿದ್ದು ಎಲ್ಲ ಏಳೆಂಟು ಅಕ್ಷರದಲ್ಲಿ. ಪಕ್ಕದಲ್ಲೇ ಕನೆಕ್ಷನ್ ಸ್ಟೇಟ್ ಇರುತ್ತದೆ: ಎಸ್‌ಎಫ್ ಅಂದರೆ ಸರಿಯಾಗಿ ಶುರುವಾಗಿ ಸರಿಯಾಗಿ ಮುಗಿಯಿತು, ಎಸ್‌0 ಅಂದರೆ ಬಾಗಿಲು ತಟ್ಟಿದ, ಒಳಗಿಂದ ಉತ್ತರವೇ ಬರಲಿಲ್ಲ. ಒಂದೇ ಮೆಷೀನ್ ಐದು ನಿಮಿಷದಲ್ಲಿ ನಾನೂರು ಬಾಗಿಲು ತಟ್ಟಿ ಎಲ್ಲ ಕಡೆ ಎಸ್‌0 ತಂದಿದ್ದರೆ ಅದು ತೆರೆದ ಬಾಗಿಲು ಹುಡುಕುವ ಸ್ಕ್ಯಾನ್, ಅದಕ್ಕೆ ನ್ಯೂರಲ್ ನೆಟ್‌ವರ್ಕ್ ಬೇಡ. ನಾನು ಬರೆದ ಕೋಡ್‌ನಲ್ಲಿ ಇವತ್ತಿಗೂ ದಿನಾ ಕೆಲಸಕ್ಕೆ ಬರುವುದು ಈ ಎಣಿಕೆಯೇ. ಹನ್ನೊಂದು ಸಾಲಿನ ಕೋಡ್. ನನ್ನ ಪದವಿಗೆ ಅವಮಾನ ಅನ್ನಬಹುದು, ಆದರೆ ಕೆಲಸ ಮಾಡುತ್ತದೆ.

ಇನ್ನು ಬೈಗುಳ. ಜಾಸ್ತಿ ಇದೆ.

ವಾಚ್‌ಮನ್ ಅಂದೆನಲ್ಲ, ಈ ವಾಚ್‌ಮನ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ನೆಂಟರು ಒಳಗೆ ಬಂದಾಗ ರಿಜಿಸ್ಟರ್ ಬರೆಯುವುದಿಲ್ಲ, ಹೊರಗೆ ಹೋದ ಮೇಲೆ ಬರೆಯುತ್ತಾನೆ. ಕನೆಕ್ಷನ್ ಮುಗಿದ ಮೇಲೆ, ಇಲ್ಲವೇ ಬಹಳ ಹೊತ್ತು ಸುಮ್ಮನಿದ್ದು ಟೈಮ್‌ಔಟ್ ಆದ ಮೇಲೆ, ಆಗ ಕನೆಕ್ಷನ್ ಲಾಗ್‌ಗೆ ಸಾಲು ಬೀಳುತ್ತದೆ. ಆದರೆ ಆ ಸಾಲಿನಲ್ಲಿರುವ ಸಮಯ ಶುರುವಾದ ಹೊತ್ತಿನದು. ಲಾಗ್ ಫೈಲ್ ಗಂಟೆಗೊಂದು ಹೊಸದಾಗುತ್ತದೆ. ಇದು ಗೊತ್ತಿಲ್ಲದೆ ನಾನು ಒಂದೊಂದು ಗಂಟೆಯ ಫೈಲನ್ನೂ ಆಯಾ ಗಂಟೆಯ ಟ್ರಾಫಿಕ್ ಅಂತ ಹಿಡಿದು, ಅದರ ಮೇಲೆ ಸರಾಸರಿ, ಅದರ ಮೇಲೆ ಗುಂಪಿಗೆ ಸೇರದ್ದನ್ನು ಹೆಕ್ಕುವ ಐಸೊಲೇಷನ್ ಫಾರೆಸ್ಟ್ ಮಾಡೆಲ್, ಅದರ ಮೇಲೆ ಬಣ್ಣ ಬಣ್ಣದ ಗ್ರಾಫ್ ಎಲ್ಲ ಕಟ್ಟಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಶುರುವಾಗಿ ಸಂಜೆ ಐದೂವರೆಗೆ ಮುಗಿದ ಒಂದು ರಿಮೋಟ್ ಸೆಷನ್ ಸಂಜೆಯ ಫೈಲಿನಲ್ಲಿ ಬಿದ್ದು, ಇಡೀ ದಿನದ ಬೈಟ್‌ಗಳೆಲ್ಲ ಆ ಒಂದೇ ಗಂಟೆಯ ಲೆಕ್ಕಕ್ಕೆ ಸೇರಿ, ಸಂಜೆ ಯಾರೋ ಡೇಟಾ ಹೊರಗೆ ಸಾಗಿಸುತ್ತಿದ್ದಾರೆ ಅಂತ ಮಾಡೆಲ್ ಕೂಗಿತು. ನಾನೂ ಕೂಗಿದೆ. ಮೀಟಿಂಗ್‌ನಲ್ಲಿ ಆ ಸೆಷನ್ ನಡೆಸಿದ ಅಡ್ಮಿನ್ ಎದುರಿಗೇ ಕೂತಿದ್ದರು. ಇನ್ನೂ ಭಯ ಪಡುವ ವಿಷಯ ಅಂದರೆ, ಬಾಗಿಲು ತೆರೆದುಕೊಂಡು ವಾರಗಟ್ಟಲೆ ಒಳಗೇ ಕೂತ ಕಳ್ಳ ಹೊರಗೆ ಹೋಗುವ ತನಕ ಕನೆಕ್ಷನ್ ಲಾಗ್‌ನಲ್ಲಿ ಇರುವುದೇ ಇಲ್ಲ. ಇದಕ್ಕೆ ಉದ್ದ ಕನೆಕ್ಷನ್‌ಗಳನ್ನು ನಡುನಡುವೆ ವರದಿ ಮಾಡುವ ಪ್ಯಾಕೇಜ್ ಇದೆ, ಅದನ್ನು ಮೊದಲ ದಿನವೇ ಹಾಕಿಸಿಕೊಳ್ಳಿ.

ಎರಡನೆಯದು ಬೈಟ್ ಲೆಕ್ಕ. ಟಿಸಿಪಿ ಅನ್ನುವ ಪ್ರೋಟೊಕಾಲ್‌ನಲ್ಲಿ ಡೇಟಾ ಪ್ಯಾಕೆಟ್ ಅನ್ನುವ ತುಂಡುಗಳಾಗಿ ಹೋಗುತ್ತದೆ, ಅವುಗಳ ಕ್ರಮ ಹೇಳುವುದು ಸೀಕ್ವೆನ್ಸ್ ನಂಬರ್. ಕಳಿಸಿದವನ ಬೈಟ್‌ಗಳು ಅನ್ನುವ ಕಾಲಂ ಅಲ್ಲಿ ಈ ನಂಬರ್‌ಗಳಿಂದ ಹುಟ್ಟುತ್ತದೆ, ನಿಜವಾಗಿ ಎಣಿಸಿದ್ದಲ್ಲ. ಒಮ್ಮೊಮ್ಮೆ ಆ ನಂಬರ್ ಹಾದಿ ತಪ್ಪಿದರೆ ನಾಲ್ಕು ಪ್ಯಾಕೆಟ್ ಕಳಿಸಿದ ಬಡಪಾಯಿ ಮೆಷೀನ್ ಕೋಟಿಗಟ್ಟಲೆ ಬೈಟ್ ಕಳಿಸಿದ ಹಾಗೆ ತೋರಿಸುತ್ತದೆ. ಈ ಸಂಖ್ಯೆ ತಪ್ಪಾಗಿರಬಹುದು ಅಂತ ಝೀಕ್‌ನವರೇ ಡಾಕ್ಯುಮೆಂಟೇಷನ್‌ನಲ್ಲಿ ಬರೆದಿದ್ದಾರೆ, ನಾನು ಓದಿರಲಿಲ್ಲ. ಪಕ್ಕದಲ್ಲೇ ಐಪಿ ಬೈಟ್ಸ್ ಅಂತ ಇನ್ನೊಂದು ಕಾಲಂ ಇದೆ, ಕಂಡ ಪ್ಯಾಕೆಟ್‌ಗಳ ಉದ್ದ ಕೂಡಿಸಿದ್ದು. ಎರಡೂ ಹೊಂದಿಕೆಯಾಗುತ್ತವಾ ನೋಡಿ, ಆಮೇಲೆ ಮಾಡೆಲ್‌ಗೆ ಕೊಡಿ. ಔಟ್‌ಲೈಯರ್, ಅಂದರೆ ಉಳಿದವುಗಳಿಂದ ದೂರ ನಿಂತದ್ದನ್ನು ಹುಡುಕುವ ಮಾಡೆಲ್‌ಗೆ ಇಂಥ ತಪ್ಪು ಸಂಖ್ಯೆ ಸಿಕ್ಕರೆ ಹಬ್ಬ. ಅಳತೆಯ ತಪ್ಪನ್ನೇ ಹುಡುಕಿ ತಂದು ಬಹುಮಾನ ಕೇಳುತ್ತದೆ.

ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ವಿಳಾಸ ಹೇಳುವ ವ್ಯವಸ್ಥೆ ಡಿಎನ್‌ಎಸ್. ಅದರ ಲಾಗ್ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ, ಅದು ಚಿನ್ನ. ಕಳ್ಳರು ಕದ್ದ ಡೇಟಾವನ್ನು ಡೊಮೇನ್ ಹೆಸರಿನ ಒಳಗೇ ತುಂಡು ತುಂಡಾಗಿ ತುರುಕಿ ಹೊರಗೆ ಕಳಿಸುವುದುಂಟು, ಡಿಎನ್‌ಎಸ್ ಟನಲಿಂಗ್ ಅಂತಾರೆ. ಹೆಸರಿನ ಒಂದು ತುಂಡು 63 ಅಕ್ಷರ ಮೀರುವ ಹಾಗಿಲ್ಲ, ಹಾಗಾಗಿ ಒಂದೇ ಡೊಮೇನ್ ಕೆಳಗೆ ಉದ್ದುದ್ದ, ಅರ್ಥವಿಲ್ಲದ, ಪ್ರತಿ ಸಲ ಬೇರೆ ಬೇರೆ ಹೆಸರು ಕೇಳುವವರನ್ನು ಹುಡುಕಿದರೆ ಸಿಗಬೇಕು. ಎಂಟ್ರೊಪಿ (ಅಕ್ಷರಗಳು ಎಷ್ಟು ಅಡ್ಡಾದಿಡ್ಡಿ ಅನ್ನುವ ಅಳತೆ) ಲೆಕ್ಕ ಹಾಕಿದೆ, ಉದ್ದ ಅಳೆದೆ, ಮಾಡೆಲ್ ಓಡಿಸಿದೆ. ಪಟ್ಟಿಯ ಮೇಲ್ತುದಿಯಲ್ಲಿ ಅಚ್ಚುಕಟ್ಟಾಗಿ ಒಂದು ಡೊಮೇನ್, ನೂರಾರು ಮೆಷೀನ್‌ಗಳಿಂದ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹಿರಿಯರಿಗೆ ತೋರಿಸಿದರೆ ಅವರು ಚಹಾ ಲೋಟ ಕೆಳಗೂ ಇಡದೆ ಹೇಳಿದರು, "ಅದು ನಮ್ಮ ಆಂಟಿವೈರಸ್." ಹೌದು, ಫೈಲಿನ ಹ್ಯಾಶನ್ನು (ಫೈಲಿನ ಬೆರಳಚ್ಚಿನಂಥ ಸಂಕೇತ) ಡಿಎನ್‌ಎಸ್ ಮೂಲಕವೇ ಕೇಳಿ ನೋಡುವ ಆಂಟಿವೈರಸ್‌ಗಳಿವೆ. ಕಳ್ಳರು ಮತ್ತು ಕಾವಲುಗಾರರು ಒಂದೇ ಉಪಾಯ ಮಾಡಿದರೆ ಲಾಗ್‌ನಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಇದಕ್ಕೆ ಝೀಕನ್ನು ಬೈಯುವ ಹಾಗಿಲ್ಲ ಬಿಡಿ.

ವಿಯರ್ಡ್ ಅಂತ ಒಂದು ಲಾಗ್ ಇದೆ, ಹೆಸರು ಕೇಳಿ ಖುಷಿಪಟ್ಟು ತೆರೆಯಬೇಡಿ. ಪ್ರೋಟೊಕಾಲ್ ನಿಯಮ ಸರಿಯಾಗಿ ಪಾಲಿಸದ ಪ್ರತಿಯೊಂದೂ ಅಲ್ಲಿ ಬೀಳುತ್ತದೆ, ಅಂದರೆ ಹಳೆಯ ಪ್ರಿಂಟರ್‌ಗಳೆಲ್ಲ.

ಮಾತನ್ನು ಗೂಢಲಿಪಿಯಲ್ಲಿ ಮುಚ್ಚುವ ಎನ್‌ಕ್ರಿಪ್ಷನ್ ವಿಷಯದಲ್ಲಿ ಝೀಕ್‌ಗೆ ವಯಸ್ಸಾಗುತ್ತಿದೆ ಅನ್ನುವವರಿದ್ದಾರೆ. ಅರ್ಧ ನಿಜ. ಹಾಗೆ ಮುಚ್ಚುವ ಪ್ರೋಟೊಕಾಲ್‌ನ 2018ರ ಆವೃತ್ತಿ ಟಿಎಲ್‌ಎಸ್ 1.3ರಲ್ಲಿ ಸರ್ವರ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟ್ ಕೂಡ ಮುಚ್ಚಿದ ಲಕೋಟೆಯಲ್ಲೇ ಬರುತ್ತದೆ, ಹಾಗಾಗಿ ಸರ್ಟಿಫಿಕೇಟ್ ಲಾಗ್ ಸೊರಗಿದೆ. ಡಿಎನ್‌ಎಸ್ಸೇ ಹೀಗೆ ಮುಚ್ಚಿದ ಎಚ್‌ಟಿಟಿಪಿಎಸ್ ಒಳಗೆ ಹೋಗಿ ಕೂತರೆ ಡಿಎನ್‌ಎಸ್ ಲಾಗ್‌ಗೂ ಅದೇ ಗತಿ. ಆದರೂ ಯಾರು, ಯಾವಾಗ, ಎಷ್ಟು ಸಲ, ಎಷ್ಟೆಷ್ಟು ಅಂತರದಲ್ಲಿ ಅನ್ನುವುದು ಉಳಿದೇ ಇರುತ್ತದೆ, ಮಾಲ್‌ವೇರ್ ತನ್ನ ಯಜಮಾನನಿಗೆ ಗಂಟೆಗೊಮ್ಮೆ ಫೋನ್ ಮಾಡುವುದು ಅದರಲ್ಲೇ ಸಿಕ್ಕಿಬೀಳುವುದು. ಸರ್ಕಾರಿ ಕಚೇರಿಯಲ್ಲಿ ನಾವು ಏನು ಓದುತ್ತೇವೆ, ಏನು ಓದುವುದಿಲ್ಲ ಅಂತ ಜನರಿಗೆ ಹೇಳುವಾಗ ವಿಷಯ ಓದಲಿಲ್ಲ, ವಿಳಾಸ ಮಾತ್ರ ನೋಡಿದೆವು ಅನ್ನುವುದಕ್ಕೂ ಇದು ಒಳ್ಳೆಯದು. ಹಾಗಂತ ವಿಳಾಸ ಸಣ್ಣ ವಿಷಯವಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಯಾರು ಯಾವ ಆಸ್ಪತ್ರೆಯ ಸೈಟ್ ತೆರೆದರು ಅನ್ನುವುದೂ ಅದರಲ್ಲೇ ಇದೆ, ನನಗೆ ಕಂಡಿದೆ, ಕಾಣಬಾರದಿತ್ತು ಅನಿಸಿದೆ. ಈಗ ನಾನು ಮಾಡುವ ಪ್ರತಿ ಟೇಬಲ್‌ನಲ್ಲೂ ವಿಳಾಸಗಳ ಬದಲು ಬೇರೆ ಗುರುತು ಹಾಕಿ ಕೆಲಸ ಶುರು ಮಾಡುತ್ತೇನೆ, ನಿಜವಾದ ವಿಳಾಸ ಬೇಕಾದರೆ ಕಾರಣ ಬರೆದು ಕೇಳಬೇಕು.

ನಮ್ಮಂಥ ಜಾಗಕ್ಕೆ ಇದು ಹೊಂದಲು ಇನ್ನೊಂದು ಕಾರಣ ಇದೆ. ನಾವು ಕೂರುವ ಕೋಣೆಗೆ ಇಂಟರ್ನೆಟ್ ಇಲ್ಲ. ಹೊಸ ಪೈಥಾನ್ ಲೈಬ್ರರಿ ಬೇಕಂದರೆ ಅರ್ಜಿ, ಪರಿಶೀಲನೆ, ಸಹಿ, ಕಾಯುವುದು. ಅದು ಒಳಗೆ ಬರುವಷ್ಟರಲ್ಲಿ ಅದರ ಎರಡು ಹೊಸ ಆವೃತ್ತಿ ಹೊರಗೆ ಬಂದಿರುತ್ತದೆ. ಝೀಕ್ ಲಾಗ್ ಬರೀ ಪಠ್ಯ, ಟ್ಯಾಬ್ ಹಾಕಿ ಬೇರೆ ಮಾಡಿದ ಕಾಲಂಗಳು, ಬೇಕಾದರೆ ಜೇಸನ್. ಏನೂ ಇಲ್ಲದಿದ್ದರೂ ಜೊತೆಗೆ ಬರುವ, ಬೇಕಾದ ಕಾಲಂ ಮಾತ್ರ ತೆಗೆದುಕೊಡುವ ಝೀಕ್ ಕಟ್ ಮತ್ತು ಮಾಮೂಲಿ ಕಮಾಂಡ್‌ಗಳಲ್ಲೇ ಅರ್ಧ ಕೆಲಸ ಆಗುತ್ತದೆ. ಖಾಲಿ ಜಾಗಕ್ಕೆ ಅಡ್ಡಗೆರೆ ಹಾಕುತ್ತದೆ, ಅದನ್ನು ಮರೆತರೆ ಸಂಖ್ಯೆಯ ಕಾಲಂ ಎಲ್ಲ ಪಠ್ಯವಾಗಿ ಓದಿಕೊಳ್ಳುತ್ತದೆ, ಅಷ್ಟು ಜೋಪಾನ. ಅದರದೇ ಸ್ಕ್ರಿಪ್ಟ್ ಭಾಷೆ ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಘಟನೆ ನಡೆದಾಗ ಇದು ಮಾಡು ಅನ್ನುವ ಧಾಟಿಯದು, ಟೇಬಲ್‌ನಲ್ಲೇ ಯೋಚಿಸುವ ತಲೆಗೆ ಅದು ತಿರುಗುಮುರುಗು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕತ್ತರಿಸಿದ್ದು ಆ ಅಡ್ಮಿನ್ ಎದುರು ಕೂತ ಮೀಟಿಂಗ್‌ಗಾಗಿ, ತಪ್ಪು ನನ್ನದೇ ಆದರೂ. ಅಲಾರಂ ಕೊಟ್ಟು ಕೈ ತೊಳೆದುಕೊಳ್ಳುವ ಪೆಟ್ಟಿಗೆ ಬೇಕಾದವರು ಇದನ್ನು ತಗೊಳ್ಳಬೇಡಿ. ಝೀಕ್ ಕಣ್ಣಿಗೆ ಬೀಳದೆ ತಪ್ಪಿಹೋದ ಪ್ಯಾಕೆಟ್‌ಗಳ ಲೆಕ್ಕ ಕೊಡುವ ಕ್ಯಾಪ್ಚರ್ ಲಾಸ್ ಲಾಗ್ ನೋಡುವ ವ್ಯವಧಾನ ಇಲ್ಲದವರೂ ಬೇಡ, ಪ್ಯಾಕೆಟ್ ಕಳೆದುಹೋಗುತ್ತಿದ್ದರೆ ನಿಮ್ಮ ಗ್ರಾಫ್‌ನಲ್ಲಿ ಕಾಣುವ ಶಾಂತಿ ಸುಳ್ಳು.

ಕಳೆದ ವಾರ ನಮ್ಮ ತಂಡಕ್ಕೆ ಹೊಸಬಳೊಬ್ಬಳು ಸೇರಿದಳು. ಲೇಬಲ್ ಮಾಡಿದ ಡೇಟಾ, ಅಂದರೆ ಇದು ದಾಳಿ, ಇದು ಅಲ್ಲ ಅಂತ ಮೊದಲೇ ಗುರುತು ಹಾಕಿದ್ದು, ಎಲ್ಲಿದೆ ಅಂತ ಕೇಳಿದಳು. ನಿನ್ನೆಯ ಕನೆಕ್ಷನ್ ಲಾಗ್ ಇರುವ ಜಾಗ ತೋರಿಸಿ, ನಿನ್ನ ಮೆಷೀನ್ ಏನು ಮಾಡಿತು ಹೇಳು ಅಂದೆ. ಇವತ್ತಿಗೆ ನಾಲ್ಕನೇ ದಿನ, ಆ ತೆಗೆದುಹಾಕಿದ ಸರ್ವರ್ ತನಕ ಬಂದಿದ್ದಾಳೆ. ಅದನ್ನು ಕರೆಯುವ ಸೆಟ್ಟಿಂಗನ್ನು ಯಾರೂ ಇನ್ನೂ ತೆಗೆದಿಲ್ಲ.